ಗೋಡೆಗಿಂತ ಮೊದಲು ನೆಲ

ಶಿಕಾಗೋದ ಪಿಲ್ಸೆನ್ ಬಡಾವಣೆಯಲ್ಲಿ ಕಾಸಾ ಅಜ್ಟ್ಲಾನ್ ಎಂಬ ಹಳೆಯ ಕಟ್ಟಡವಿದೆ. ದಶಕಗಳ ಕಾಲ ಅದು ಮೆಕ್ಸಿಕನ್ ವಲಸಿಗರಿಗೆ ಇಂಗ್ಲಿಷ್ ಕಲಿಸಿದ, ಪೌರತ್ವದ ಅರ್ಜಿಗೆ ನೆರವಾದ ಸಮುದಾಯ ಕೇಂದ್ರ. 1970ರ ದಶಕದಲ್ಲಿ ರೇ ಪಟ್ಲಾನ್ ಅದರ ಹೊರಗೋಡೆಗೆ ಭಿತ್ತಿಚಿತ್ರ ಬರೆದರು. ಮುಂದೆ ಸಂಸ್ಥೆಯ ಕೈಯಿಂದ ಕಟ್ಟಡ ತಪ್ಪಿತು. ಅದನ್ನು ಕೊಂಡ ಬಿಲ್ಡರ್ 2017ರಲ್ಲಿ ಚಿತ್ರದ ಮೇಲೆ ಬಣ್ಣ ಬಳಿಸಿದ. ಊರು ಸಿಡಿದೆದ್ದಾಗ ಕ್ಷಮೆ ಕೇಳಿ, ಪಟ್ಲಾನ್ ಅವರನ್ನೇ ಕರೆಸಿ ಹೊಸ ಚಿತ್ರ ಬರೆಸಿದ. ಸುಖಾಂತ್ಯವೆಂದು ಹಲವರು ನೆಮ್ಮದಿಪಟ್ಟರು. ನನಗೆ ಹಾಗನ್ನಿಸುವುದಿಲ್ಲ. ಗೋಡೆಗೆ ಚಿತ್ರ ಮರಳಿತು, ಗೋಡೆಯ ಹಿಂದಿದ್ದ ತರಗತಿಗಳು ಮರಳಲಿಲ್ಲ. ಅಲ್ಲೀಗ ಬಾಡಿಗೆಯ ಅಪಾರ್ಟ್‌ಮೆಂಟುಗಳಿವೆ.

ಭಿತ್ತಿಚಿತ್ರವು ಒಂದು ಜನದ ಅಸ್ಮಿತೆಯನ್ನು ಉಳಿಸುತ್ತದೆಯೇ? ಅಮೆರಿಕದ ಲ್ಯಾಟಿನೊ ಕೇರಿಗಳ ಚರಿತ್ರೆ ನೋಡಿದರೆ, ಆ ಜನಕ್ಕೆ ಕಾಲೂರಲು ನೆಲವಿದ್ದಲ್ಲಿ ಮಾತ್ರ ಅದು ಉಳಿಸುತ್ತದೆ ಎನ್ನಬೇಕಾಗುತ್ತದೆ.

ಈ ಕಲೆಯ ಬೇರು ಮೆಕ್ಸಿಕೋದಲ್ಲಿದೆ. ಕ್ರಾಂತಿಯ ನಂತರ ಶಿಕ್ಷಣ ಮಂತ್ರಿ ಹೊಸೆ ವಾಸ್ಕೊನ್ಸೆಲೊಸ್ ಸರ್ಕಾರಿ ಕಟ್ಟಡಗಳ ಗೋಡೆಗಳನ್ನು ಡಿಯೆಗೊ ರಿವೇರಾ, ಒರೊಸ್ಕೊ, ಸಿಕೇರೊಸ್ ಅವರಂಥ ಕಲಾವಿದರಿಗೆ ಒಪ್ಪಿಸಿದರು. ಗೋಡೆ ಪ್ರಭುತ್ವದ್ದು, ಒಪ್ಪಿಗೆಯೂ ಅದರದೇ. ಗಡಿಯ ಆಚೆ ಆ ಭಾಗ್ಯವಿರಲಿಲ್ಲ. 1932ರಲ್ಲಿ ಸಿಕೇರೊಸ್ ಲಾಸ್ ಏಂಜಲೀಸ್‌ನ ಓಲ್ವೆರಾ ಬೀದಿಯಲ್ಲಿ ‘ಅಮೇರಿಕಾ ಟ್ರೊಪಿಕಾಲ್’ ಬರೆದರು. ಅವರನ್ನು ಕರೆಸಿದವರಿಗೆ ಬೇಕಿದ್ದದ್ದು ಹಣ್ಣು, ಹಕ್ಕಿ, ಹಸಿರು. ಗೋಡೆಯ ಮೇಲೆ ಮೂಡಿದ್ದು ಶಿಲುಬೆಗೇರಿಸಿದ ಮೂಲನಿವಾಸಿ, ಅವನ ನೆತ್ತಿಯ ಮೇಲೊಂದು ಹದ್ದು. ಕೆಲವೇ ವರ್ಷಗಳಲ್ಲಿ ಅದರ ಮೇಲೆ ಸುಣ್ಣ ಬಿತ್ತು. ಅದು ಮತ್ತೆ ಸಾರ್ವಜನಿಕ ವೀಕ್ಷಣೆಗೆ ತೆರೆದದ್ದು 2012ರಲ್ಲಿ.

ಇದಕ್ಕೆ ಎದುರಾಗಿ ಇಡಬೇಕಾದದ್ದು ಸಾನ್ ಡಿಯೆಗೋದ ಬಾರಿಯೊ ಲೋಗನ್. ಮನೆಗಳ ನಡುವೆಯೇ ಗುಜರಿ ಅಂಗಡಿ, ಕಾರ್ಖಾನೆಗಳಿಗೆ ನಗರಾಡಳಿತ ಅನುಮತಿ ಕೊಟ್ಟ ಕೇರಿ ಅದು. 1960ರ ದಶಕದಲ್ಲಿ ಹೆದ್ದಾರಿಯೊಂದು ಕೇರಿಯನ್ನು ಎರಡಾಗಿ ಸೀಳಿತು. 1969ರಲ್ಲಿ ಕೊರೊನಾಡೊಗೆ ಹೋಗುವ ಸೇತುವೆ ತಲೆಯ ಮೇಲೆ ಬಂತು. ಎಷ್ಟೋ ಕುಟುಂಬಗಳು ಎದ್ದುಹೋದವು. ಉಳಿದವರ ಪಾಲಿಗೆ ಬಂದದ್ದು ಕಾಂಕ್ರೀಟ್ ಕಂಬಗಳ ಸಾಲು. ಕಂಬಗಳ ಕೆಳಗಿನ ಜಾಗದಲ್ಲಿ ಉದ್ಯಾನ ಮಾಡಿಕೊಡುತ್ತೇವೆಂಬ ಮಾತಿತ್ತು. 1970ರ ಏಪ್ರಿಲ್ 22ರಂದು ಅಲ್ಲಿಗೆ ಬಂದದ್ದು ಬುಲ್ಡೋಜರ್. ಹೆದ್ದಾರಿ ಪೊಲೀಸರ ಠಾಣೆ ಕಟ್ಟಲು ಬಂದಿತ್ತದು. ಸುದ್ದಿ ಹಬ್ಬುತ್ತಲೇ ವಿದ್ಯಾರ್ಥಿಗಳು, ತಾಯಂದಿರು, ಮಕ್ಕಳು ಬಂದು ಯಂತ್ರಗಳಿಗೆ ಅಡ್ಡ ನಿಂತರು. ಸಲಿಕೆ ಹಿಡಿದು ನೆಲ ಹಸನು ಮಾಡಿ ಪಾಪಾಸುಕಳ್ಳಿ, ಹೂಗಿಡ ನೆಟ್ಟರು. ಹನ್ನೆರಡು ದಿನ ಜಾಗ ಬಿಟ್ಟು ಕದಲಲಿಲ್ಲ. ಕೊನೆಗೆ ಸರ್ಕಾರ ಮಣಿಯಿತು; ಆ ಜಾಗವೇ ಚಿಕಾನೊ (ಮೆಕ್ಸಿಕನ್ ಮೂಲದ ಅಮೆರಿಕನ್ನರ) ಪಾರ್ಕ್ ಆಯಿತು.

ಕಂಬಗಳಿಗೆ ಬಣ್ಣ ಬಿದ್ದದ್ದು 1973ರಲ್ಲಿ. ಈ ಅನುಕ್ರಮವೇ ನನಗೆ ಮುಖ್ಯ: ಮೊದಲು ನೆಲ, ಮೂರು ವರ್ಷದ ಮೇಲೆ ಚಿತ್ರ. ಅದೇ ಕೇರಿಯ ಕಲಾವಿದ ಸಾಲ್ವಡಾರ್ ಟೊರೆಸ್ ಮುಂತಾದವರ ಹಂಬಲಕ್ಕೆ ಊರಿನವರ ಕುಂಚಗಳೂ ಜೊತೆಯಾದವು. ಇಂದು ಚಿಕಾನೊ ಪಾರ್ಕಿನ ಕಂಬಗಳ ಮೇಲೆ ಅಜ್ಟೆಕ್ ದೇವತೆಗಳಿದ್ದಾರೆ, ಗ್ವಾದಲೂಪೆಯ ಮಾತೆ ಇದ್ದಾಳೆ, ಮೆಕ್ಸಿಕೋದ ಕ್ರಾಂತಿಕಾರಿ ಸಪಾಟಾ ಇದ್ದಾನೆ. ಆದರೆ ನಾನು ಎತ್ತಿ ತೋರಿಸಬಯಸುವುದು ‘ಕೇರಿ ಬೇಕು, ಗುಜರಿ ಬೇಡ’ ಎಂದು ಸಾರುವ ಚಿತ್ರವನ್ನು. ಅದರಲ್ಲಿರುವುದು ಪಕ್ಕದ ಬೀದಿಯ ಹೊಗೆ, ತುಕ್ಕು ಹಿಡಿದ ಕಬ್ಬಿಣ ಮತ್ತು ಅವು ತೊಲಗಲೆಂಬ ಹಕ್ಕೊತ್ತಾಯ. ಪುರಾಣಪುರುಷರ ಚಿತ್ರಕ್ಕಿಂತ ಇದು ಕಡಿಮೆ ‘ಸಾಂಸ್ಕೃತಿಕ’ ಎಂದು ನಾನು ಒಪ್ಪಲಾರೆ. 1990ರ ದಶಕದಲ್ಲಿ ಭೂಕಂಪವನ್ನು ತಾಳಿಕೊಳ್ಳಲೆಂದು ಸೇತುವೆಯ ಕಂಬಗಳನ್ನು ಬಲಪಡಿಸುವ ಕೆಲಸದಿಂದ ಚಿತ್ರಗಳಿಗೇ ಕುತ್ತು ಬಂದಾಗ ಜನ ಮತ್ತೆ ಪಟ್ಟು ಹಿಡಿದರು, ಚಿತ್ರಗಳು ಉಳಿದವು. 2016ರಲ್ಲಿ ಪಾರ್ಕಿಗೆ ರಾಷ್ಟ್ರೀಯ ಐತಿಹಾಸಿಕ ಸ್ಮಾರಕದ ಮಾನ್ಯತೆಯೂ ಸಿಕ್ಕಿತು.

ಅಸ್ಮಿತೆಯನ್ನು ಹೀಗೆ ಗೋಡೆಗೆ ಬರೆದರೆ ಅದು ಅಲ್ಲೇ ಹೆಪ್ಪುಗಟ್ಟುವುದಿಲ್ಲವೇ? ಈ ಆಕ್ಷೇಪವನ್ನು ತಳ್ಳಿಹಾಕುವಂತಿಲ್ಲ. ಆದರೆ ಅದಕ್ಕೆ ಉತ್ತರವೂ ಕೇರಿಯ ಒಳಗಿಂದಲೇ ಬಂದಿದೆ. ಸಾನ್ ಫ್ರಾನ್ಸಿಸ್ಕೋದ ಮಿಷನ್ ಬಡಾವಣೆಯಲ್ಲಿ 1970ರ ದಶಕದಲ್ಲಿ ‘ಮುಹೇರೆಸ್ ಮುರಲಿಸ್ತಾಸ್’ ಎಂಬ ಮಹಿಳೆಯರ ತಂಡ ಅಟ್ಟಣಿಗೆ ಏರಿ ಬಣ್ಣ ಹಚ್ಚತೊಡಗಿತು. ಅವರು ಬರೆದದ್ದು ಸಂತೆ, ಜೋಳ, ತಾಯಂದಿರು, ಹಲವು ಲ್ಯಾಟಿನ್ ದೇಶಗಳ ಹಬ್ಬಗಳು. ಬಂದೂಕಿಲ್ಲ, ರಕ್ತವಿಲ್ಲ, ಇದೆಂಥ ರಾಜಕೀಯ ಎಂದು ಜೊತೆಗಾರ ಗಂಡಸರು ಆಡಿಕೊಂಡರು. ಆ ಮಹಿಳೆಯರು ಅದನ್ನು ಲೆಕ್ಕಿಸಲಿಲ್ಲ. 1984ರಲ್ಲಿ ಅದೇ ಬಡಾವಣೆಯ ಬಾಮಿ ಓಣಿಯಲ್ಲಿ ಮಧ್ಯ ಅಮೆರಿಕದ ಯುದ್ಧಗಳ ಚಿತ್ರಗಳು ಸಾಲಾಗಿ ಮೂಡಿದವು; ಎಲ್ ಸಾಲ್ವಡಾರ್, ನಿಕರಾಗುವಾದವರೂ ಅಲ್ಲಿನ ನೆರೆಹೊರೆಯಲ್ಲಿದ್ದರು. ‘ನಾವು ಯಾರು’ ಎಂಬ ಜಗಳ ಗೋಡೆಯಿಂದ ಗೋಡೆಗೆ ಮುಂದುವರಿಯಿತು. ಜಗಳವಾಡಲು ಜನ ಅಲ್ಲೇ ವಾಸವಿರಬೇಕು ತಾನೆ?

ಕಾನೂನು ಇಷ್ಟು ದೂರ ಬರುವುದಿಲ್ಲ. 1990ರ ಅಮೆರಿಕದ ಕಾಯ್ದೆ ಕೃತಿಯನ್ನು ಹಾಳುಗೆಡವದಂತೆ ತಡೆಯುವ ಹಕ್ಕನ್ನು ಕಲಾವಿದನಿಗೆ ಕೊಡುತ್ತದೆ, ಕೇರಿಗಲ್ಲ. ಇತ್ತ ಚಿತ್ರ ನೋಡಲು ಪ್ರವಾಸಿಗರು ಬರುತ್ತಾರೆ, ಕಾಫಿ ಅಂಗಡಿಗಳು ಬರುತ್ತವೆ, ಬಾಡಿಗೆ ಏರುತ್ತದೆ. ಬರೆದವರ ಮಕ್ಕಳೇ ಗಂಟುಮೂಟೆ ಕಟ್ಟಬೇಕಾಗುತ್ತದೆ. ಇದರ ತಪ್ಪನ್ನು ಚಿತ್ರಗಳ ತಲೆಗೆ ಕಟ್ಟುವುದು ಅನ್ಯಾಯ. ಚಿತ್ರಕ್ಕೆ ರಕ್ಷಣೆ ಕೊಟ್ಟು ಬಾಡಿಗೆದಾರನನ್ನು ಕೈಬಿಟ್ಟ ಆಡಳಿತದ ತಪ್ಪದು.

ಬಾರಿಯೊ ಲೋಗನ್‌ನಲ್ಲೂ ಈ ಹೋರಾಟ ಮುಗಿದಿಲ್ಲ. ಮನೆಗಳಿಗೂ ಹಡಗು ಕಾರ್ಖಾನೆಗಳಿಗೂ ನಡುವೆ ಅಂತರ ಇಡುವ ಯೋಜನೆಯನ್ನು ನಗರಸಭೆ 2013ರಲ್ಲಿ ಒಪ್ಪಿತು. ಹಡಗು ಉದ್ಯಮ ಅದರ ವಿರುದ್ಧ ನಿಂತಿತು. 2014ರಲ್ಲಿ ಕೇರಿಯ ಹಣೆಬರಹವನ್ನು ಇಡೀ ನಗರದ ಮತಕ್ಕೆ ಹಾಕಿ ಯೋಜನೆಯನ್ನು ಕೆಡವಲಾಯಿತು. 2021ರ ಕೊನೆಗೆ ಮತ್ತೊಂದು ಯೋಜನೆಗೆ ಒಪ್ಪಿಗೆ ಸಿಕ್ಕಿತು. ಕಾರ್ಖಾನೆಗಳಿಂದ ಅಂತರದ ಜೊತೆಗೆ, ಅಲ್ಲಿನವರ ಕೈಗೆಟುಕುವ ಮನೆಗಳ ಮಾತೂ ಅದರಲ್ಲಿದೆ. ಕಂಬಗಳ ಬಣ್ಣ ಮಾಸಿದಾಗ ತಿದ್ದಿ ಬರೆಯಲು ಹಣ ಎತ್ತುವವರೆಲ್ಲ ಆ ಮನೆಗಳು ನಿಜಕ್ಕೂ ಏಳುತ್ತಿವೆಯೇ, ಅವುಗಳ ಬಾಡಿಗೆ ಎಷ್ಟು ಎಂದು ಅಷ್ಟೇ ಹಟದಿಂದ ನಗರಸಭೆಯನ್ನು ಕೇಳುತ್ತಿರಬೇಕು.