ರಜೆಯ ಆಲ್ಬಮ್‌ನಲ್ಲಿ ಆಯಿ ಎಲ್ಲಿ?

ಪರದೇಶದಲ್ಲಿ ಹುಟ್ಟಿದ ಕೂಸಿನ ಮೊದಲ ‘ಸರ್ಕಾರಿ’ ಫೋಟೊ ಅಂದ್ರೆ ಪಾಸ್‌ಪೋರ್ಟ್ ಫೋಟೊ. ಹಿಂದೆ ಬಿಳಿ ಬಣ್ಣ ಇರಬೇಕು, ಕಣ್ಣು ಬಿಟ್ಟಿರಬೇಕು, ಎತ್ತಿಕೊಂಡವರ ಬೆರಳು ಕೂಡ ಕಾಣಬಾರದು. ದುಬೈ, ಶಾರ್ಜಾದಲ್ಲಿರುವ ನಮ್ಮಂಥವರಿಗೆ ಇದಕ್ಕೆ ಅವಸರವೂ ಇರುತ್ತೆ. ಕೂಸು ಹುಟ್ಟಿ 120 ದಿನದೊಳಗೆ ಅದರ ವೀಸಾ ಆಗಬೇಕು, ಅದಕ್ಕೂ ಮೊದಲು ಪಾಸ್‌ಪೋರ್ಟ್ ಕೈಗೆ ಬರಬೇಕು. ಹಾಸಿಗೆ ಮೇಲೆ ಬಿಳಿ ಬೆಡ್‌ಶೀಟ್ ಹಾಸಿ, ಮೇಲಿಂದ ಬಗ್ಗಿ, ಒಂದು ಕೈಯಲ್ಲಿ ಗಿಲಕಿ ಅಲ್ಲಾಡಿಸುತ್ತಾ ನೂರು ಫೋಟೊ ತೆಗೆದರೆ ಒಂದು ಪಾಸಾಗುತ್ತೆ.

ಪಾಸ್‌ಪೋರ್ಟ್ ಬಂದ ಮೇಲೂ ನಾವು ಅದೇ ಥರದ ಫೋಟೊ ತೆಗೀತಾನೇ ಇರ್ತೀವಿ. ಕೂಸಿನ ಮುಖ ಮಾತ್ರ ಸ್ಪಷ್ಟ, ಉಳಿದದ್ದೆಲ್ಲ ಮಸುಕು. ಕ್ಯಾಮೆರಾ ಹುಚ್ಚಿರುವ ಅಪ್ಪಂದಿರಲ್ಲಿ (ನಾನೂ ಅದೇ ಜಾತಿ) ಇದು ಇನ್ನೂ ಜಾಸ್ತಿ. 50 ಎಂಎಂ ಲೆನ್ಸ್, ಎಫ್ 1.8, ಒಂದೊಂದು ರೆಪ್ಪೆಗೂದಲನ್ನೂ ಎಣಿಸಬಹುದು. ಫ್ಲಾಟಿನ ಬಿಳಿಗೋಡೆ ಮುಂದೆ ಇದು ಸರಿಯೇ. ಅಲ್ಲಿ ಹಿಂದೆ ಕಾಣೋದಕ್ಕೆ ಏನಿದೆ ಹೇಳಿ?

ಆದ್ರೆ ಕೂಸನ್ನ ಕರ್ಕೊಂಡು ಮೊದಲ ಸಲ ಊರಿಗೆ ಬಂದಾಗ ಲೆಕ್ಕ ಬದಲಾಗುತ್ತೆ.

ನಮ್ಮದು ಬಸವಕಲ್ಯಾಣ, ಹೆಂಡತಿಯ ತವರು ಹುಮನಾಬಾದ್. ಹೈದರಾಬಾದಿನಲ್ಲಿ ವಿಮಾನ ಇಳಿದು ಹೆದ್ದಾರಿ ಹಿಡಿದರೆ ಮೊದಲು ಸಿಗೋದು ಹುಮನಾಬಾದ್, ಹಾಗಾಗಿ ಕೂಸು ಮೊದಲು ಯಾರ ಮನೆಗೆ ಅನ್ನೋ ಪ್ರಶ್ನೆಗೆ ರಸ್ತೆಯೇ ಉತ್ತರ ಹೇಳಿಬಿಡುತ್ತೆ! ಒಂದು ತಿಂಗಳ ರಜೆ. ಎರಡೂ ಮನೆ, ನೆಂಟರು, ತೊಟ್ಟಿಲ ಕಾರ್ಯ, ಜನವರಿ ಆದ್ರೆ ಹುಮನಾಬಾದಿನ ವೀರಭದ್ರೇಶ್ವರ ಜಾತ್ರೆ, ಮಾಣಿಕನಗರದ ಪ್ರಭುಗಳ ದರ್ಶನ. ಅದರ ನಡುವೆ ಕೋಟೆ ಮುಂದೆ ಕೂಸಿನ ಒಂದು ಫೋಟೊ, ಅನುಭವ ಮಂಟಪದ ಮುಂದೆ ಒಂದು, 108 ಅಡಿ ಬಸವಣ್ಣನ ಮೂರ್ತಿಯ ಹತ್ತಿರ ಒಂದು.

ತೆಗೀರಿ, ಬೇಡ ಅನ್ನಲ್ಲ. ಆದ್ರೆ ಕೋಟೆ ಮುಂದಿನ ರಜೆಗೂ ಅಲ್ಲೇ ಇರುತ್ತೆ. ಪಡಸಾಲೆಯಲ್ಲಿ ಕೂಸಿನ ಕಾಲಿಗೆ ಎಣ್ಣೆ ತಿಕ್ಕುತ್ತಾ ಕೂತ ಆಯಿ ಬಗ್ಗೆ ಹಾಗೆ ಹೇಳೋಕಾಗಲ್ಲ.

ನಮ್ಮ ಮನೆ ಗೋಡೆ ಮೇಲೆ ಮುತ್ಯಾನ ಫೋಟೊ ಒಂದಿದೆ. ಅದು ವೋಟರ್ ಕಾರ್ಡಿನದ್ದು. ಮುತ್ಯಾ ತೀರಿಕೊಂಡಾಗ ಮನೇಲಿ ಬೇರೆ ಒಂದು ಫೋಟೊನೂ ಸಿಗಲಿಲ್ಲ. ಸ್ಟುಡಿಯೊದವರು ಅದನ್ನೇ ದೊಡ್ಡದು ಮಾಡಿ, ಚೆಂದ ಕಾಣಲಿ ಅಂತ ನೀಲಿ ಕೋಟು ಹಾಕಿಸಿ ಕೊಟ್ಟರು. ಜೀವನಪೂರ್ತಿ ಧೋತರ, ರುಮಾಲು ಬಿಟ್ಟು ಬೇರೆ ಹಾಕದ ಮನುಷ್ಯ ಗೋಡೆ ಮೇಲೆ ಕೋಟು ಹಾಕ್ಕೊಂಡು ಕೂತಿದ್ದಾನೆ. ಅವ್ವ ಈಗಲೂ ಮಾಲೆ ಬದಲಾಯಿಸುವಾಗ “ಇವ್ರು ಯಾರೋ ಸಾಹೇಬ್ರು ಇದ್ದಂಗ ಅದಾರ” ಅಂತಾಳೆ. ನಗ್ತಾಳೆ, ಆಮೇಲೆ ಸ್ವಲ್ಪ ಹೊತ್ತು ಸುಮ್ಮನಾಗ್ತಾಳೆ.

ಆಗ ಮನೇಲಿ ಕ್ಯಾಮೆರಾ ಇರಲಿಲ್ಲ. ಈಗ ಎಲ್ಲರ ಜೇಬಲ್ಲೂ ಇದೆ. ಆದರೂ ಎಷ್ಟೋ ಮನೆಗಳಲ್ಲಿ ಆಯಿಯ ಒಳ್ಳೆ ಫೋಟೊ ಹುಡುಕಿದರೆ ಸಿಗೋದು ಆಧಾರ್ ಕಾರ್ಡಿನದ್ದು, ಇಲ್ಲಾ ವಿಡಿಯೊ ಕಾಲಿನ ಸ್ಕ್ರೀನ್‌ಶಾಟ್. ಅದರಲ್ಲೂ ಕಾಣೋದು ಅರ್ಧ ಹಣೆ ಮತ್ತು ಫ್ಯಾನು.

ಅದಕ್ಕೆ, ರಜೆಗೆ ಹೊರಟಿರುವ ಹೊಸ ಅಪ್ಪ-ಅಮ್ಮಂದಿರಿಗೆ ನಾಲ್ಕು ಮಾತು.

ಒಂದು, ಊರಲ್ಲಿ ಪೋರ್ಟ್ರೇಟ್ ಮೋಡ್ ಆಫ್ ಮಾಡಿ. ಕ್ಯಾಮೆರಾ ಇದ್ದರೆ ಎಫ್ 5.6ರ ಆಸುಪಾಸು ಇಡಿ. ಹತ್ತು ವರ್ಷದ ಮೇಲೆ ನಿಮ್ಮ ಮಗು ಈ ಫೋಟೊ ನೋಡುವಾಗ ತನ್ನ ಮುಖಕ್ಕಿಂತ ಹಿಂದಿರೋದನ್ನ ಜಾಸ್ತಿ ನೋಡುತ್ತೆ. ಗೋಡೆಗೆ ಒರಗಿಸಿದ ತೊಗರಿ ಚೀಲ, ಮೂಲೆಯ ಬೀಸುಕಲ್ಲು, ಆಯಿ ಹೊಲಿದ ಕೌದಿ, ಕುಂಚಿಗಿ. ಅದನ್ನ ಮಸುಕು ಮಾಡಿದರೆ ಆ ಫೋಟೊ ಶಾರ್ಜಾದ್ದೋ ಬಸವಕಲ್ಯಾಣದ್ದೋ ಗೊತ್ತಾಗಲ್ಲ.

ಎರಡು, ಬಾಗಿಲ ಬೆಳಕು ಬಳಸಿ. ನಮ್ಮ ಕಡೆಯ ಹಳೇ ಕಲ್ಲಿನ ಮನೆಗಳಲ್ಲಿ ಕಿಟಕಿ ಸಣ್ಣದು, ಒಳಗೆಲ್ಲ ಕತ್ತಲು. ಆದ್ರೆ ಬೆಳಗ್ಗೆ ತಲೆಬಾಗಿಲಿಂದ ಬರುವ ಬೆಳಕು ಒಂದೇ ಕಡೆಯಿಂದ ಮೆತ್ತಗೆ ಬರುತ್ತೆ. ಹೊಸ್ತಿಲಿಂದ ಎರಡು ಮಾರು ಒಳಗೆ ಆಯಿ ಮತ್ತು ಕೂಸನ್ನ ಬಾಗಿಲಿಗೆ ಓರೆಯಾಗಿ ಕೂರಿಸಿ. ನೀವೂ ನೆಲದ ಮೇಲೆ ಕೂತು ಅವರ ಕಣ್ಣಿನ ಎತ್ತರಕ್ಕೆ ಬನ್ನಿ. ಫ್ಲ್ಯಾಶ್ ಬೇಕಾಗಲ್ಲ.

ಮೂರು, ಹಿರಿಯರಿಗೆ “ಇಲ್ಲಿ ನೋಡ್ರಿ” ಅನ್ನಬೇಡಿ. ಅಂದ ಕೂಡಲೇ ಸೆರಗು ಸರಿಮಾಡಿಕೊಂಡು, ಕೈ ಕೆಳಗಿಟ್ಟು ಗಟ್ಟಿಯಾಗಿ ಕೂತುಬಿಡ್ತಾರೆ. ಅವರ ಪಾಡಿಗೆ ಕೆಲಸ ಮಾಡಲಿ ಬಿಡಿ. ಕಾಲ ಮೇಲೆ ಹಾಕ್ಕೊಂಡು ಎರೆಯೋದು, ಕಾಡಿಗೆ ಹಚ್ಚೋದು, ತೊಟ್ಟಿಲು ತೂಗೋದು. ಕೈಗಳ ಫೋಟೊ ತೆಗೀರಿ. ಎರೆಯುವ ಫೋಟೊ ಮನೇಲೇ ಇರಲಿ, ಇನ್‌ಸ್ಟಾಗ್ರಾಮ್‌ಗೆ ಬೇಡ. “ಮಲಗಿದ ಕೂಸಿನ ಫೋಟೊ ತೆಗಿಬ್ಯಾಡಪಾ, ದೃಷ್ಟಿ ಆಗ್ತದ” ಅಂದ್ರೆ ವಾದಕ್ಕೆ ಇಳಿಯಬೇಡಿ. ಎದ್ದ ಮೇಲೆ ತೆಗೆದರಾಯ್ತು, ಕೂಸೇನು ಎಲ್ಲಿ ಹೋಗುತ್ತೆ!

ನಾಲ್ಕನೆಯದು ಎಲ್ಲಕ್ಕಿಂತ ಮುಖ್ಯ. ಫೋಟೊಗೆ ಬರಹ ಸೇರಿಸಿ.

ಹುಮನಾಬಾದ್ ತಾಲೂಕಿನ ಜಲಸಂಗಿಗೆ ಹೋಗಿದ್ದೀರಾ? ಅಲ್ಲಿನ ಚಾಲುಕ್ಯರ ಕಾಲದ ಗುಡಿಯ ಹೊರಗೋಡೆಯಲ್ಲಿ ಒಬ್ಬ ಶಿಲಾಬಾಲಿಕೆ ನಮಗೆ ಬೆನ್ನು ಮಾಡಿ ನಿಂತು ಶಾಸನ ಬರೀತಿದ್ದಾಳೆ. ಆ ಅಕ್ಷರಗಳಲ್ಲಿ ಚಾಲುಕ್ಯ ವಿಕ್ರಮಾದಿತ್ಯನ ಹೆಸರಿದೆ. ಕಲ್ಯಾಣವನ್ನು ರಾಜಧಾನಿ ಮಾಡಿಕೊಂಡು 1076ರಿಂದ 1126ರವರೆಗೆ ಆಳಿದ ಆರನೇ ವಿಕ್ರಮಾದಿತ್ಯ. ಚೆಂದದ ಶಿಲ್ಪಗಳು ಆ ಗೋಡೆಯಲ್ಲಿ ಇನ್ನೂ ಬೇಕಾದಷ್ಟಿವೆ. ಆದ್ರೆ ಇವಳ ಮುಂದೆ ನಾಲ್ಕು ಅಕ್ಷರ ಇರೋದಕ್ಕೇ ಒಂಬೈನೂರು ವರ್ಷದ ಮೇಲೂ ಯಾವ ರಾಜನ ಕಾಲ ಅಂತ ಹೇಳೋಕಾಗುತ್ತೆ.

ನಮ್ಮ ಫೋಟೊಗಳ ಗತಿ? ಫೋನಿನಲ್ಲಿ ತೆಗೆದಾಗ ತಾರೀಖು, ಜಾಗ ಫೈಲಿನೊಳಗೇ ದಾಖಲಾಗಿರುತ್ತೆ. ವಾಟ್ಸ್‌ಆ್ಯಪಿನಲ್ಲಿ ಮಾಮೂಲಿ ಫೋಟೊ ಥರ ಕಳಿಸಿದರೆ ಆ ಮಾಹಿತಿ ಅಳಿಸಿಹೋಗುತ್ತೆ, ಫೋಟೊನೂ ಸಣ್ಣದಾಗುತ್ತೆ. ಮನೆಯವರಿಗೆ ಕಳಿಸುವಾಗ ‘ಡಾಕ್ಯುಮೆಂಟ್’ ಆಗಿ ಕಳಿಸಿ, ಎರಡೂ ಉಳಿಯುತ್ತೆ. 4×6 ಇಂಚಿನ ಒಳ್ಳೆ ಪ್ರಿಂಟಿಗೆ 1200×1800 ಪಿಕ್ಸೆಲ್ ಸಾಕು. ಗೋಡೆಗೆ ಹಾಕುವ 8×12ಕ್ಕೆ 2400×3600 ಇದ್ದರೆ ಒಳ್ಳೇದು.

ಪ್ರಿಂಟನ್ನ ಹೊರಡುವ ಹಿಂದಿನ ದಿನಕ್ಕೆ ಇಟ್ಕೋಬೇಡಿ, ಮೊದಲ ವಾರವೇ ಹಾಕಿಸಿ. ಆಮೇಲೆ ಒಂದು ಮಧ್ಯಾಹ್ನ ಆಯಿ ಜೊತೆ ಕೂತು ಹಿಂದೆ ಬರೀರಿ. ಯಾರು, ಎಲ್ಲಿ, ಯಾವ ದಿನ. ತೆಳು ತುದಿಯ ಮಾರ್ಕರ್ ಇರಲಿ. ಬಾಲ್‌ಪೆನ್ನಲ್ಲಿ ಒತ್ತಿ ಬರೆದರೆ ಮುಂದೆ ಗೀರು ಮೂಡುತ್ತೆ. ಹಳೇ ಫೋಟೊಗಳಿದ್ದರೆ ಅವನ್ನೂ ತನ್ನಿ. “ಇವ್ರು ಯಾರು?” ಅಂತ ಕೇಳಿದರೆ ಹೇಳೋರು ಆಯಿ ಒಬ್ಬರೇ. ಅವರು ಹೇಳೋದನ್ನ ಫೋನಿನಲ್ಲಿ ರೆಕಾರ್ಡ್ ಮಾಡಿಕೊಂಡರೆ ಇನ್ನೂ ಒಳ್ಳೇದು.

ನಮ್ಮ ಮಗಳಿಗೆ ಈಗ ಒಂಬತ್ತು ತಿಂಗಳು. ಅವಳಿಗೆ ಆಯಿ ಅಂದ್ರೆ ಸದ್ಯಕ್ಕೆ ರಾತ್ರಿ ಫೋನಿನಲ್ಲಿ ಕಾಣುವ ಒಂದು ಮುಖ. ಅದೂ ನಮ್ಮ ಎಂಟೂವರೆ ಅಂದ್ರೆ ಊರಲ್ಲಿ ಹತ್ತು ಗಂಟೆ, ಆಯಿ ಕಣ್ಣು ತೂಗ್ತಿರುತ್ತೆ. ಫ್ರಿಡ್ಜ್ ಮೇಲೆ ಒಂದು 4×6 ಪ್ರಿಂಟ್ ಅಂಟಿಸಿದ್ದೇವೆ. ಆಯಿ ಮಡಿಲಲ್ಲಿ ಅವಳು, ಹಿಂದೆ ಹುಮನಾಬಾದಿನ ಮನೆಯ ಹಸಿರು ಬಾಗಿಲು. ದಿನಾ ಅದರ ಮುಂದೆ ಎತ್ಕೊಂಡು ಹೋದಾಗ ಕೈ ಚಾಚುತ್ತಾಳೆ. ಕೈ ಹೋಗೋದು ಆಯಿಯ ಮೂಗುತಿಗೆ.