ಹಿತ್ತಲಿನ ವಿಚಿತ್ರ ಕೋಳಿಗಳೂ ನಮ್ಮ ಅಪಶಕುನಗಳೂ

ಕಾಲೇಜಿನ ವಾರ್ಷಿಕ ಸಂಚಿಕೆಯಲ್ಲಿ ಕೋಳಿಯ ಮಾತೇಕೆ ಎಂದು ವಾಚಕ ಮಹಾಶಯರು ಹುಬ್ಬೇರಿಸಬಹುದು. ಕಾವ್ಯಕ್ಕೂ ಅರ್ಥಶಾಸ್ತ್ರಕ್ಕೂ ಮೀಸಲಾದ ಪುಟಗಳಲ್ಲಿ ತಿಪ್ಪೆ ಕೆದಕುವ ಪ್ರಾಣಿಗೆ ಸ್ಥಳವೆಲ್ಲಿ? ಆದರೆ ನಮ್ಮಂಥ ಅನೇಕರ ಕಾಲೇಜು ಶುಲ್ಕದಲ್ಲಿ ತಾಯಂದಿರು ಮೊಟ್ಟೆ ಮಾರಿ ಕೂಡಿಟ್ಟ ಹಣವೂ ಸೇರಿದೆ. ಆ ಋಣಕ್ಕಾದರೂ ಎರಡು ಮಾತು ಬರೆಯುವುದು ನ್ಯಾಯವೆಂದು ನನ್ನ ಭಾವನೆ.

ನಾಟಿ ಕೋಳಿಯ ಮರಿಗಳಲ್ಲಿ ಆಗಾಗ ವಿಲಕ್ಷಣವಾದವು ಕಾಣಿಸಿಕೊಳ್ಳುತ್ತವೆ. ಒಂದರ ಕತ್ತಿನಲ್ಲಿ ಗರಿಯೇ ಇಲ್ಲ. ಇನ್ನೊಂದರ ಗರಿಗಳು ಹಿಂದಕ್ಕೆ ಸುರುಳಿ ಸುತ್ತಿಕೊಂಡಿವೆ. ಮತ್ತೊಂದರ ಕಾಲಿಗೆ ನಾಲ್ಕರ ಬದಲು ಐದು ಬೆರಳು. ಇಂಥ ಮರಿ ಹುಟ್ಟಿದರೆ ಮನೆಗೆ ಕೇಡೆನ್ನುವವರು ನಮ್ಮ ಊರಿನಲ್ಲಿದ್ದಾರೆ. ಸಂತೆಗೆ ಮೊದಲು ಹೋಗುವುದೂ, ಹಬ್ಬಕ್ಕೆ ಮೊದಲು ಕತ್ತಿಗೆ ಸಿಕ್ಕುವುದೂ ಅದೇ. ಅದರ ವಂಶ ಅಲ್ಲಿಗೇ ಮುಗಿಯುತ್ತದೆ. ಇದು ದೊಡ್ಡ ನಷ್ಟವೆಂಬುದೇ ನನ್ನ ವಾದ.

ಇದರಲ್ಲಿ ದೈವದ ಕೋಪವೇನೂ ಇಲ್ಲ. ತಂದೆತಾಯಿಗಳಿಂದ ಮರಿಗೆ ಬರುವ ವಂಶವಾಹಿಯಲ್ಲಿ ಎಂದೋ ತಾನಾಗಿ ಆದ ಬದಲಾವಣೆಯೇ ಕಾರಣ. ಇದನ್ನು ಉತ್ಪರಿವರ್ತನೆ ಎನ್ನುತ್ತಾರೆ. ಮೆಂಡೆಲನು ಬಟಾಣಿಯಲ್ಲಿ ಕಂಡ ನಿಯಮಗಳು ಪ್ರಾಣಿಗಳಿಗೂ ಸಲ್ಲುತ್ತವೆಂದು ಇಂಗ್ಲೆಂಡಿನ ಬೇಟ್ಸನ್ 1902ರಲ್ಲಿ ತೋರಿಸಿದ್ದು ಕೋಳಿಯ ಜುಟ್ಟುಗಳನ್ನು ಪರೀಕ್ಷಿಸಿಯೇ. ಬೋಳುಕತ್ತಿಗೆ ಕಾರಣವಾದ ವಂಶವಾಹಿಯ ವ್ಯತ್ಯಾಸವನ್ನು ವಿಜ್ಞಾನಿಗಳು 2011ರಲ್ಲಿ ಗುರುತಿಸಿದರು.

ಬೋಳುಕತ್ತಿನ ಕೋಳಿಗೆ ಮೈಮೇಲೆಯೂ ಗರಿ ಕಡಿಮೆ. ಆದ್ದರಿಂದ ಮೈಯ ಕಾವು ಸುಲಭವಾಗಿ ಹೊರಹೋಗುತ್ತದೆ. ಬಿರುಬಿಸಿಲಿನಲ್ಲಿ ಗರಿ ತುಂಬಿದ ಕೋಳಿ ಬಾಯಿ ತೆರೆದು ಏದುಸಿರು ಬಿಡುವಾಗ ಇದು ತಾಳಿಕೊಳ್ಳುತ್ತದೆ. ಗರಿ ಸುರುಳಿಯ ಕೋಳಿಗೂ ಇದೇ ಅನುಕೂಲ. ಇಜ್ಜತ್‌ನಗರದ ಕೇಂದ್ರ ಪಕ್ಷಿ ಸಂಶೋಧನಾ ಸಂಸ್ಥೆಯು ಈ ಎರಡು ಗುಣಗಳನ್ನೇ ಆಯ್ದು ಹಿತ್ತಲಿಗೆ ಒಪ್ಪುವ ತಳಿಗಳನ್ನು ಸಿದ್ಧಪಡಿಸಿದೆ. ಮಧ್ಯಪ್ರದೇಶದ ಝಾಬುವಾದ ಕಡಕ್‌ನಾಥ್ ಕೋಳಿಯ ಚರ್ಮ, ಮಾಂಸ, ಮೂಳೆಯ ಹೊದಿಕೆ ಎಲ್ಲವೂ ಕಪ್ಪು. ಅದೂ ಒಂದು ಉತ್ಪರಿವರ್ತನೆಯ ಫಲ. ಭೀಲ ಜನ ಸಾಕಿಕೊಂಡು ಬಂದ ಆ ಕೋಳಿಯ ಮಾಂಸಕ್ಕೆ 2018ರಲ್ಲಿ ಭೌಗೋಳಿಕ ಸೂಚಕದ ಮನ್ನಣೆ ದೊರೆಯಿತು. ಕಪ್ಪೆಂದು ಅವರು ಅದನ್ನು ಬಿಸುಟಿದ್ದರೆ ಈ ಮನ್ನಣೆ ಯಾರಿಗೆ ಬರುತ್ತಿತ್ತು?

ಹಾಗೆಂದು ವಿಚಿತ್ರವಾದುದೆಲ್ಲ ಒಳ್ಳೆಯದೆಂದು ನಾನು ಹೇಳುವುದಿಲ್ಲ. ಗಿಡ್ಡಗಾಲಿನ ಒಂದು ವಂಶವಾಹಿಯು ತಂದೆತಾಯಿ ಇಬ್ಬರಿಂದಲೂ ಬಂದರೆ ಮರಿ ಮೊಟ್ಟೆಯೊಳಗೇ ಸಾಯುತ್ತದೆ. ಗರಿ ಸುರುಳಿಯ ಹುಂಜಕ್ಕೂ ಹೇಂಟೆಗೂ ಜೊತೆ ಮಾಡಿದರೆ ಮರಿಗಳಲ್ಲಿ ಸರಾಸರಿ ಕಾಲು ಭಾಗಕ್ಕೆ ಗರಿ ಮುರಿದು ಮೈ ಬರಿದಾಗುವ ಸಂಭವವುಂಟು. ಇನ್ನು ಹುಂಜದಂತೆ ಕೂಗುವ ಹೇಂಟೆಯ ವಿಷಯವೇ ಬೇರೆ. ಹೇಂಟೆಗೆ ಸಾಮಾನ್ಯವಾಗಿ ಎಡಗಡೆಯ ಅಂಡಾಶಯವೊಂದೇ ಬೆಳೆಯುತ್ತದೆ. ಅದು ರೋಗದಿಂದ ಕೆಟ್ಟಾಗ ಗಂಡಿನ ಲಕ್ಷಣಗಳು ತಲೆದೋರಬಹುದು. ಅದು ರೋಗ; ಅಪಶಕುನವಲ್ಲ. ಇವುಗಳಲ್ಲಿ ಯಾವುದನ್ನು ಉಳಿಸಬೇಕು, ಯಾವುದನ್ನು ಬಿಡಬೇಕು ಎಂಬುದನ್ನು ಪರೀಕ್ಷೆ ನಿರ್ಧರಿಸಲಿ, ಭಯ ನಿರ್ಧರಿಸದಿರಲಿ.

ಹೆಚ್ಚು ಮೊಟ್ಟೆಯಿಡುವ ತಳಿಗಳಿರುವಾಗ ಇವೇಕೆ ಎನ್ನುವವರಿದ್ದಾರೆ. ಮೊಟ್ಟೆಗೆಂದೇ ಬೆಳೆಸಿದ ತಳಿಗಳು ಕಾವು ಕೂರುವ ಗುಣವನ್ನೇ ಬಹುಮಟ್ಟಿಗೆ ಕಳೆದುಕೊಂಡಿವೆ. ಮರಿ ಬೇಕೆಂದರೆ ಯಂತ್ರವಿರಬೇಕು, ಇಲ್ಲವೇ ಹಣ ಕೊಟ್ಟು ತರಬೇಕು. ಬಡವರ ಹಿತ್ತಲಿಗೆ ತಾನೇ ಕಾವು ಕೂತು, ತಾನೇ ಮೇದು ಬದುಕುವ ಕೋಳಿಯೇ ಗತಿ. ಒಮ್ಮೆ ಅಳಿದ ಗುಣವನ್ನು ಮತ್ತೆ ಪಡೆಯುವುದು ಸುಲಭವಲ್ಲ.

ನಾನು ಕಲಾ ವಿಭಾಗದ ವಿದ್ಯಾರ್ಥಿನಿ. ಇಷ್ಟನ್ನು ತಿಳಿಯಲು ಪ್ರಯೋಗಶಾಲೆಯೇನೂ ಬೇಕಾಗಲಿಲ್ಲ, ವಾಚನಾಲಯ ಸಾಕಾಯಿತು. ಮನೆಯಲ್ಲಿ ಮೊದಲ ಬಾರಿಗೆ ಪದವಿಯ ಹೊಸ್ತಿಲು ತುಳಿದಿರುವ ನಮ್ಮ ಓದು, ಹಿರಿಯರ ಅನುಭವವನ್ನು ಜರೆಯಲು ಅಲ್ಲ, ಅದಕ್ಕೆ ಅಂಟಿರುವ ಹೆದರಿಕೆಯನ್ನು ಬಿಡಿಸಲು ಒದಗಬೇಕು. ಈ ರಜೆಯಲ್ಲಿ ಮಿತ್ರರೆಲ್ಲರೂ ತಮ್ಮ ತಮ್ಮ ಊರಿನ ಇಂಥ ಕೋಳಿಗಳನ್ನು ಗುರುತು ಹಾಕಿಕೊಂಡು ಬರಲಿ. ಅಧ್ಯಾಪಕ ವರ್ಗದವರು ಅದನ್ನು ಪಶುವೈದ್ಯ ಇಲಾಖೆಗೆ ತಲುಪಿಸುವ ಕೃಪೆ ಮಾಡಲಿ. ಅಲ್ಲಿಯವರೆಗೆ, ಮನೆಯಲ್ಲಿ ಬೋಳುಕತ್ತಿನ ಮರಿಯೊಂದು ಹುಟ್ಟಿದರೆ, ಅದನ್ನು ಸಂತೆಗೆ ಕಳಿಸಬೇಡಿರೆಂದು ತಾಯಂದಿರಿಗೆ ಹೇಳೋಣ.

— ಅಂತಿಮ ಬಿ.ಎ. ವಿದ್ಯಾರ್ಥಿನಿ