ಅಪ್ಪ-ಅಮ್ಮನ ಕೊಲ್ಲಿ ವಾಸ್ತವ್ಯ: ವೀಸಾ ಉದ್ದವಾಯಿತು, ವಿಮೆ ಉದ್ದವಾಗಲಿಲ್ಲ

ದೀಪಾವಳಿ ಕಳೆದು ಚಳಿ ಅಡಿಯಿಡುವ ಹೊತ್ತಿಗೆ ಬೆಂಗಳೂರು, ಮಂಗಳೂರುಗಳಿಂದ ದುಬೈ ಮತ್ತು ಅಬುಧಾಬಿಗೆ ಬರುವ ವಿಮಾನಗಳಲ್ಲಿ ಅರವತ್ತು ದಾಟಿದ ದಂಪತಿಗಳು ಎದ್ದು ಕಾಣುತ್ತಾರೆ. ಒಂದು ಕಾಲದಲ್ಲಿ ಇಂಥವರ ಪ್ರವಾಸವೆಂದರೆ ಹತ್ತು-ಹನ್ನೆರಡು ದಿನಗಳ ಓಟ: ಬುರ್ಜ್ ಖಲೀಫಾ, ಚಿನ್ನದ ಪೇಟೆ, ಮರಳುಗಾಡಿನ ಸವಾರಿ, ಒಂದಿಷ್ಟು ಖರ್ಜೂರದೊಂದಿಗೆ ಮರುಪ್ರಯಾಣ. ಈಗಿನ ಹಂಬಲ ಬೇರೆ. ನಿವೃತ್ತಿಯಾಗಿದೆ, ಮಗನೋ ಮಗಳೋ ಅಲ್ಲಿದ್ದಾರೆ, ಮೊಮ್ಮಕ್ಕಳು ಬೆಳೆಯುತ್ತಿದ್ದಾರೆ; ಅವಸರವಿಲ್ಲದೆ ಎರಡು-ಮೂರು ತಿಂಗಳು ಇದ್ದು ಬರೋಣ ಎಂಬ ಆಸೆ. ಕಳೆದ ಕೆಲವು ವರ್ಷಗಳಲ್ಲಿ ಇಲ್ಲಿನ ವೀಸಾ ನಿಯಮಗಳೂ ಈ ಆಸೆಗೆ ಅನುಕೂಲವಾಗಿಯೇ ಬದಲಾಗಿವೆ. ಆದ್ದರಿಂದ ಊರಿನ ಬಂಧುಗಳು ಕೇಳುವ ಮೊದಲ ಪ್ರಶ್ನೆ, 'ಎಷ್ಟು ದಿನದ ವೀಸಾ ಸಿಗುತ್ತದೆ?' ಎಂಬುದು. ವೈದ್ಯರಾದವರು ಕೇಳಬೇಕಾದ ಪ್ರಶ್ನೆ ಮತ್ತೊಂದು: 'ಅಷ್ಟು ದಿನವೂ ನಿಮ್ಮ ಕಾಯಿಲೆಗೆ ರಕ್ಷಣೆ ಇದೆಯೇ?' ಈ ಎರಡು ಪ್ರಶ್ನೆಗಳ ನಡುವೆ ಇರುವ ಅಂತರವನ್ನು ಅರಿಯದೆ ಹೊರಟ ಪ್ರವಾಸ ಒಂದೇ ರಾತ್ರಿಯಲ್ಲಿ ಇಡೀ ಕುಟುಂಬದ ಉಳಿತಾಯವನ್ನು ನುಂಗಬಲ್ಲದು.

ಬಾಗಿಲು ಅಗಲವಾದ ಬಗೆ

ಸಂಯುಕ್ತ ಅರಬ್ ಎಮಿರೇಟ್ಸ್‌ನ ಜನಸಂಖ್ಯೆಯ ಬಹುಪಾಲು ವಿದೇಶೀಯರದು. ಆದರೂ ಇಲ್ಲಿನ ವಾಸದ ಹಕ್ಕು ದಶಕಗಳ ಕಾಲ ದುಡಿಮೆಗೆ ಅಂಟಿಕೊಂಡಿತ್ತು; ಕೆಲಸ ಮುಗಿದರೆ ವಾಸವೂ ಮುಗಿಯಿತು. ಆ ಕಟ್ಟು ಸಡಿಲಗೊಳ್ಳತೊಡಗಿದ್ದು ಇತ್ತೀಚೆಗೆ. 2020ರ ಸೆಪ್ಟೆಂಬರ್‌ನಲ್ಲಿ ದುಬೈ 55 ವರ್ಷ ಮೀರಿದ ವಿದೇಶೀಯರಿಗಾಗಿ ಐದು ವರ್ಷಗಳ ನಿವೃತ್ತಿ ವೀಸಾ ಪ್ರಕಟಿಸಿತು. 2021ರ ಮಾರ್ಚ್‌ನಲ್ಲಿ ಸಚಿವ ಸಂಪುಟ ಐದು ವರ್ಷಗಳ ಬಹುಪ್ರವೇಶ ಪ್ರವಾಸಿ ವೀಸಾಕ್ಕೆ ಒಪ್ಪಿಗೆ ಕೊಟ್ಟಿತು. 2022ರ ಅಕ್ಟೋಬರ್ 3ರಿಂದ ಜಾರಿಗೆ ಬಂದ ವೀಸಾ ಸುಧಾರಣೆಗಳು ಈ ಹಾದಿಯನ್ನು ಇನ್ನಷ್ಟು ವಿಸ್ತರಿಸಿದವು.

ಬಹುಪ್ರವೇಶ ವೀಸಾ ಪಡೆಯಲು ಕಳೆದ ಆರು ತಿಂಗಳಲ್ಲಿ 4,000 ಡಾಲರ್‌ನಷ್ಟು ಬ್ಯಾಂಕ್ ಶಿಲ್ಕು ತೋರಿಸಬೇಕು. ಒಮ್ಮೆ ಬಂದರೆ 90 ದಿನ ಇರಬಹುದು, ಅದನ್ನು ವಿಸ್ತರಿಸಿಕೊಳ್ಳಲೂಬಹುದು. ಆದರೆ ವರ್ಷದಲ್ಲಿ ಒಟ್ಟು 180 ದಿನ ಮೀರುವಂತಿಲ್ಲ. ಇದಲ್ಲದೆ 30 ಮತ್ತು 60 ದಿನಗಳ ಸಾಮಾನ್ಯ ವೀಸಾಗಳಿವೆ. ಅವಧಿ ಮೀರಿದರೆ ದಿನಕ್ಕೆ 50 ದಿರ್ಹಾಂ ದಂಡ, ಅಂದರೆ ಒಬ್ಬರಿಗೆ ದಿನವೊಂದಕ್ಕೆ ಸಾವಿರ ರೂಪಾಯಿಗೂ ಮಿಗಿಲು.

ಈ ಔದಾರ್ಯದ ಹಿಂದಿನ ಲೆಕ್ಕಾಚಾರ ಸ್ಪಷ್ಟವಾಗಿದೆ. ತೈಲದ ಆಚೆಗೆ ಆರ್ಥಿಕತೆಯನ್ನು ಕಟ್ಟಬಯಸುವ ದೇಶಕ್ಕೆ ಪ್ರವಾಸಿಯ ಖರ್ಚು ಬೇಕು. ನುರಿತ ನೌಕರ ಕುಟುಂಬ ಸಮೇತ ನೆಲೆ ನಿಲ್ಲುವುದೂ ಬೇಕು. ಆದರೆ ಹಿರಿಯರ ಆರೋಗ್ಯದ ಹೊಣೆ ಹೊರುವ ಇರಾದೆ ಈ ಲೆಕ್ಕದಲ್ಲಿ ಸೇರಿಲ್ಲ. ಇದಕ್ಕೆ ಎರಡು ಸಂಖ್ಯೆಗಳೇ ಸಾಕ್ಷಿ. 2025ರ ಸೆಪ್ಟೆಂಬರ್‌ನಲ್ಲಿ ಪ್ರಕಟವಾದ ನಿಯಮದಂತೆ ತಂದೆ-ತಾಯಿಯರನ್ನು ಭೇಟಿಗೆ ಕರೆಸಿಕೊಳ್ಳುವವರ ಮಾಸಿಕ ಆದಾಯ ಕನಿಷ್ಠ 4,000 ದಿರ್ಹಾಂ ಇರಬೇಕು. ಅದೇ ತಂದೆ-ತಾಯಿಯರನ್ನು ಅವಲಂಬಿತರೆಂದು ನಿವಾಸಿ ವೀಸಾದಲ್ಲಿ ಇರಿಸಿಕೊಳ್ಳಲು ದುಬೈಯಲ್ಲಿ ರೂಢಿಯಲ್ಲಿರುವ ಮಿತಿ 20,000 ದಿರ್ಹಾಂ. ಬಂದು ಹೋಗುವ ಹಿರಿಯರಿಗೂ ಇದ್ದುಬಿಡುವ ಹಿರಿಯರಿಗೂ ನಡುವೆ ಐದು ಪಟ್ಟಿನ ಗೋಡೆ.

ವಿಮೆಯ ಬಿರುಕು

ನಿಜವಾದ ಬಿರುಕು ಇರುವುದು ಆರೋಗ್ಯ ವಿಮೆಯಲ್ಲಿ. ಅಬುಧಾಬಿಯಲ್ಲಿ 2005ರ 23ನೇ ಕಾನೂನು, ದುಬೈಯಲ್ಲಿ 2013ರ 11ನೇ ಕಾನೂನು ನಿವಾಸಿಗಳಿಗೆ ವಿಮೆಯನ್ನು ಕಡ್ಡಾಯ ಮಾಡಿವೆ. 2025ರ ಜನವರಿಯಿಂದ ಉಳಿದ ಎಮಿರೇಟ್‌ಗಳ ಖಾಸಗಿ ನೌಕರರಿಗೂ ಅದು ವಿಸ್ತರಿಸಿದೆ. ದುಬೈಯಲ್ಲಿ ಉದ್ಯೋಗದಾತನ ಕಡ್ಡಾಯ ಹೊಣೆ ನೌಕರನದು ಮಾತ್ರ. ಅಬುಧಾಬಿಯಲ್ಲಿ ಅದು ಪತ್ನಿ ಮತ್ತು ಎಳೆಯ ಮಕ್ಕಳವರೆಗೆ ಚಾಚುತ್ತದೆ. ತಂದೆ-ತಾಯಿ ಎರಡೂ ಕಡೆ ಹೊರಗೆ. ನಿವಾಸಿ ವೀಸಾ ಇದ್ದರೆ ಮಗ ಅಥವಾ ಮಗಳು ಸ್ವಂತ ಹಣದಿಂದ ವಿಮೆ ಕೊಳ್ಳಬೇಕು; ಭೇಟಿ ವೀಸಾದಲ್ಲಿ ಬಂದವರಿಗೆ ಪ್ರವಾಸಿ ವಿಮೆಯೊಂದೇ ಗತಿ.

ಆ ಪ್ರವಾಸಿ ವಿಮೆಯನ್ನು ರೂಪಿಸಿರುವುದೇ ಅನಿರೀಕ್ಷಿತ ಅವಘಡಕ್ಕಾಗಿ: ಜಾರಿಬಿದ್ದು ಮೂಳೆ ಮುರಿದರೆ, ಆಹಾರ ವಿಷವಾದರೆ. ಮೊದಲೇ ಇದ್ದ ಕಾಯಿಲೆಗಳನ್ನು ಹೆಚ್ಚಿನ ಪಾಲಿಸಿಗಳು ಹೊರಗಿಡುತ್ತವೆ, ಇಲ್ಲವೇ ಪ್ರಾಣಾಪಾಯದ ಸ್ಥಿತಿಗೆ ಮಾತ್ರ ಒಂದು ಸಣ್ಣ ಮೊತ್ತ ನಿಗದಿಪಡಿಸುತ್ತವೆ. ಅರವತ್ತೆಂಟರ ಹರೆಯದ, ಹದಿನೈದು ವರ್ಷಗಳಿಂದ ಮಧುಮೇಹ ಹಾಗೂ ರಕ್ತದೊತ್ತಡಕ್ಕೆ ಮಾತ್ರೆ ನುಂಗುತ್ತಿರುವ ವ್ಯಕ್ತಿಗೆ ಇಲ್ಲಿ ಹೃದಯಾಘಾತವಾಯಿತೆನ್ನಿ. ಆಸ್ಪತ್ರೆ ತುರ್ತು ಚಿಕಿತ್ಸೆಯನ್ನು ನಿರಾಕರಿಸುವುದಿಲ್ಲ; ಆಂಬುಲೆನ್ಸ್‌ಗೆ 998 ಒತ್ತಿದರೆ ಸಾಕು. ಮರುದಿನ ವಿಮಾ ಕಂಪನಿ ಕೇಳುವುದು ಒಂದೇ ಪ್ರಶ್ನೆ: ಮಧುಮೇಹವನ್ನು ಅರ್ಜಿಯಲ್ಲಿ ತಿಳಿಸಿದ್ದಿರಾ? ತಿಳಿಸಿರದಿದ್ದರೆ ಪಾಲಿಸಿ ಕಾಗದವಾಗಿ ಉಳಿಯುವ ಸಂಭವವೇ ಹೆಚ್ಚು. ಪ್ರೀಮಿಯಂ ಕೆಲವು ಸಾವಿರ ರೂಪಾಯಿ ಕಡಿಮೆಯಾಗಲೆಂದು ಕಾಯಿಲೆ ಮುಚ್ಚಿಡುವುದು ನಮ್ಮವರಲ್ಲಿ ಸಾಮಾನ್ಯ. ಅದಕ್ಕಿಂತ ದುಬಾರಿಯಾದ ಉಳಿತಾಯ ಮತ್ತೊಂದಿಲ್ಲ.

ಆದ್ದರಿಂದ ಟಿಕೆಟ್ ಕೊಳ್ಳುವ ಮೊದಲು ವಿಮೆಯವರಿಂದ ನಾಲ್ಕು ಉತ್ತರಗಳನ್ನು ಬರಹದಲ್ಲಿ ಪಡೆಯಬೇಕು. ಇರುವ ಕಾಯಿಲೆ ಉಲ್ಬಣಿಸಿದರೆ ಎಷ್ಟು ಮೊತ್ತದವರೆಗೆ ಕೊಡುತ್ತೀರಿ? ಪಾಲಿಸಿ ಒಂದೇ ಪ್ರವಾಸದಲ್ಲಿ ಎಷ್ಟು ದಿನ ನಡೆಯುತ್ತದೆ, ವಿದೇಶದಲ್ಲಿದ್ದಾಗಲೇ ಅದನ್ನು ವಿಸ್ತರಿಸಬಹುದೇ? ಯಾವ ಆಸ್ಪತ್ರೆಗಳಲ್ಲಿ ನೇರ ಪಾವತಿ ಇದೆ? ಕೊನೆಯದು, ಬಾಯಿಬಿಟ್ಟು ಕೇಳಲು ಯಾರೂ ಬಯಸದ್ದು: ಸಾವು ಸಂಭವಿಸಿದರೆ ಪಾರ್ಥಿವ ಶರೀರವನ್ನು ಊರಿಗೆ ತಲುಪಿಸುವ ವೆಚ್ಚ ಯಾರದು? ವೀಸಾ 90 ದಿನದ್ದಾಗಿ ವಿಮೆ 30 ದಿನದ್ದಾದರೆ ಪ್ರವಾಸವೂ 30 ದಿನದ್ದೇ ಆಗಬೇಕು. ಉಳಿದ ಅರವತ್ತು ದಿನ ಇರುವುದು ದೈವದ ಮೇಲಿನ ಭಾರ.

ಪೆಟ್ಟಿಗೆಯಲ್ಲಿ ಏನಿರಬಾರದು

ಎರಡನೆಯ ಅಪಾಯ ಔಷಧಗಳದು. ನಮ್ಮಲ್ಲಿ ಮೂಲೆಯಂಗಡಿಯಲ್ಲೂ ಸಿಗುವ ಕೆಲವು ಮಾತ್ರೆಗಳು ಇಲ್ಲಿ ಕಟ್ಟುನಿಟ್ಟಾದ ನಿಯಂತ್ರಣದಲ್ಲಿವೆ. ನೋವಿಗೆ ಕೊಡುವ ಟ್ರಮಡಾಲ್, ಕೊಡೀನ್ ಇರುವ ಕೆಮ್ಮಿನ ಸಿರಪ್, ನರದ ಉರಿಗೆ ಕೊಡುವ ಪ್ರಿಗಾಬಲಿನ್, ನಿದ್ರೆ ಮತ್ತು ಆತಂಕಕ್ಕೆ ಕೊಡುವ ಅಲ್‌ಪ್ರಜೋಲಾಮ್, ಕ್ಲೋನಜೆಪಾಮ್ ಈ ಸಾಲಿನವು. ಮಧುಮೇಹದ ಪಾದದ ಉರಿಗೆ ಪ್ರಿಗಾಬಲಿನ್ ಸೇವಿಸುವ ಹಿರಿಯರು ನಮ್ಮಲ್ಲಿ ಬಹಳ. ಇವನ್ನು ತರುವ ಮೊದಲು ಇಲ್ಲಿನ ಸರ್ಕಾರದ ಅನುಮತಿ ಪಡೆಯಬೇಕು. ಔಷಧದ ಮೂಲನಾಮ ನಮೂದಿಸಿದ ಚೀಟಿ, ವೈದ್ಯರ ಪತ್ರ ಎರಡೂ ಜೊತೆಗಿರಬೇಕು. ಸಾಧ್ಯವಾದರೆ ಹೊರಡುವ ಒಂದೆರಡು ತಿಂಗಳ ಮೊದಲೇ ವೈದ್ಯರಲ್ಲಿ ಪರ್ಯಾಯ ಔಷಧದ ಬಗ್ಗೆ ವಿಚಾರಿಸುವುದು ಲೇಸು. ಇಂಥ ಮಾತ್ರೆಗಳನ್ನು ಒಮ್ಮೆಲೇ ನಿಲ್ಲಿಸುವಂತಿಲ್ಲ ಎಂಬುದೂ ನೆನಪಿರಲಿ.

ಅಡುಗೆಮನೆಯ ಸಾಮಾನಿನಲ್ಲೂ ಎಚ್ಚರ ಬೇಕು. ಮೊಮ್ಮಕ್ಕಳಿಗೆ ಪಾಯಸ ಮಾಡಲೆಂದು ಗಸಗಸೆ ಕಟ್ಟಿಕೊಂಡು ಬರುವುದು ಇಲ್ಲಿ ಮಾದಕ ವಸ್ತುವಿನ ಅಪರಾಧಕ್ಕೆ ದಾರಿಯಾಗುತ್ತದೆ. ವೀಳ್ಯದೆಲೆ ಮತ್ತು ಪಾನ್ ಸಾಮಗ್ರಿಯೂ ದುಬೈ ಸುಂಕ ಇಲಾಖೆಯ ನಿಷೇಧಿತ ಪಟ್ಟಿಯಲ್ಲಿವೆ. ಊಟವಾದ ಮೇಲೆ ಎಲೆ-ಅಡಿಕೆ ಬೇಕೇ ಬೇಕೆನ್ನುವ ಹಿರಿಯರು ಆ ಚೀಲವನ್ನು ಊರಲ್ಲೇ ಬಿಟ್ಟು ಬರಬೇಕು. ಇನ್ಸುಲಿನ್ ಮತ್ತು ನಿತ್ಯದ ಮಾತ್ರೆಗಳು ಕೈಚೀಲದಲ್ಲೇ ಇರಲಿ.

ನಿಧಾನವೇ ಚಿಕಿತ್ಸೆ

ಯಾವಾಗ ಬರಬೇಕೆಂಬುದಕ್ಕೆ ಉತ್ತರ ಸುಲಭ: ನವೆಂಬರ್‌ನಿಂದ ಮಾರ್ಚ್‌ವರೆಗೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ತಾಪಮಾನ 40 ಡಿಗ್ರಿ ದಾಟುತ್ತದೆ. ಜೂನ್ 15ರಿಂದ ಸೆಪ್ಟೆಂಬರ್ 15ರವರೆಗೆ ಮಧ್ಯಾಹ್ನ ಬಿಸಿಲಲ್ಲಿ ಕೂಲಿಕಾರರನ್ನು ದುಡಿಸುವುದನ್ನೇ ಕಾನೂನು ನಿಷೇಧಿಸಿದೆ. ವಯಸ್ಸಾದಂತೆ ಬಾಯಾರಿಕೆಯ ಅರಿವು ಕುಗ್ಗುತ್ತದೆ. ಮೂತ್ರ ಹೆಚ್ಚಿಸುವ ರಕ್ತದೊತ್ತಡದ ಮಾತ್ರೆ ತೆಗೆದುಕೊಳ್ಳುವವರಿಗೆ ಬಿಸಿಲು ಮತ್ತು ಹವಾನಿಯಂತ್ರಿತ ಕೋಣೆಯ ಒಣಗಾಳಿ ಸೇರಿದರೆ ಸೋಡಿಯಂ ಇಳಿದು ಮಂಕು ಕವಿಯಬಹುದು, ನಿಂತಲ್ಲೇ ತಲೆಸುತ್ತಿ ಬೀಳಬಹುದು. ರಂಜಾನ್ ಮಾಸ ಪ್ರತಿ ವರ್ಷ ಸುಮಾರು 11 ದಿನ ಹಿಂದಕ್ಕೆ ಸರಿಯುವುದರಿಂದ ಆ ವರ್ಷದ ದಿನಾಂಕ ನೋಡಿಕೊಂಡು ಹೊರಡುವುದೂ ಒಳ್ಳೆಯದು. ಆಗ ಹಗಲಿನಲ್ಲಿ ಸಾರ್ವಜನಿಕವಾಗಿ ತಿನ್ನುವುದು ಸಲ್ಲದು, ಮಧುಮೇಹಿಗಳು ಊಟದ ವೇಳೆಯನ್ನು ಮೊದಲೇ ಯೋಚಿಸಿರಬೇಕು.

ಕಾಲವ್ಯತ್ಯಾಸ ಒಂದೂವರೆ ಗಂಟೆ ಮಾತ್ರ, ಪ್ರಯಾಣ ಸುಮಾರು ನಾಲ್ಕು ಗಂಟೆ. ಅಮೆರಿಕದ ಪಯಣದಂತೆ ಶರೀರ ತತ್ತರಿಸುವುದಿಲ್ಲ. ಆಯಾಸವಾಗುವುದು ಬಂದ ಮೇಲೆ. ದುಬೈ ಮಾಲ್‌ನ ಮೆಟ್ರೊ ನಿಲ್ದಾಣದಿಂದ ಮಾಲ್‌ಗೆ ಸೇರಿಸುವ ಸೇತುವೆಯೇ ಸುಮಾರು 800 ಮೀಟರ್ ಇದೆ, ಒಳಗಿನ ನಡಿಗೆ ಬೇರೆ. ಮೊಣಕಾಲು ನೋವಿನವರು ಗಾಲಿಕುರ್ಚಿ ಕೇಳಲು ಸಂಕೋಚಪಡಬಾರದು. ಎರಡು ದಿನಕ್ಕೊಂದು ತಾಣ, ನಡುವೆ ಒಂದು ದಿನ ಮನೆ ಎಂಬ ಲೆಕ್ಕ ಹಿರಿಯರಿಗೆ ಹಿತ. ದುಬೈ ಕ್ರೀಕ್‌ನಲ್ಲಿ ಒಂದು ದಿರ್ಹಾಂ ಕೊಟ್ಟು ಅಬ್ರಾ ದೋಣಿಯಲ್ಲಿ ಬರ್ ದುಬೈಯಿಂದ ದೇರಾಕ್ಕೆ ದಾಟುವ ಸುಖ ಯಾವ ಎತ್ತರದ ಗೋಪುರಕ್ಕೂ ಕಡಿಮೆಯದಲ್ಲ. ಅಬುಧಾಬಿ ಎಮಿರೇಟ್‌ನ ಅಲ್ ಐನ್ ನಗರದ ಓಯಸಿಸ್‌ಗಳು 2011ರಿಂದ ಯುನೆಸ್ಕೊ ವಿಶ್ವ ಪರಂಪರೆಯ ಪಟ್ಟಿಯಲ್ಲಿವೆ. ಅಲ್ಲಿ ಖರ್ಜೂರದ ತೋಟಗಳ ನೆರಳಲ್ಲಿ ಹರಿಯುವ ಫಲಜ್ ಕಾಲುವೆಗಳನ್ನು ಕಂಡರೆ, ಗುಡ್ಡ ಕೊರೆದು ನೀರು ತರುವ ಸುರಂಗಗಳನ್ನು ಬಲ್ಲ ಕಾಸರಗೋಡು, ಬಂಟ್ವಾಳದ ಕಡೆಯ ಕೃಷಿಕರು ಗಂಟೆಗಟ್ಟಲೆ ನಿಲ್ಲುತ್ತಾರೆ.

ಇಬ್ಬರ ಪ್ರವಾಸ

ಮರೆತುಹೋಗುವ ಸಂಗತಿಯೊಂದಿದೆ: ಇದು ಇಬ್ಬರು ಹಿರಿಯರ ಪ್ರವಾಸ. ಮೊದಲ ಎರಡು ವಾರದ ಸಂಭ್ರಮ ಕಳೆದ ಬಳಿಕ ಅನೇಕ ಮನೆಗಳಲ್ಲಿ ಅಮ್ಮ ಅಡುಗೆಮನೆ ಸೇರುತ್ತಾರೆ, ಅಪ್ಪ ಮೊಮ್ಮಗುವನ್ನು ಶಾಲೆಯ ಬಸ್ಸಿಗೆ ಹತ್ತಿಸುವ ಕಾಯಕ ಹಿಡಿಯುತ್ತಾರೆ. ಪ್ರೀತಿಯಿಂದ ಮಾಡುವ ಕೆಲಸವೇ ಹೌದು. ಆದರೆ ಇಪ್ಪತ್ತನೆಯ ಮಹಡಿಯಲ್ಲಿ ನೆರೆಯವರ ಭಾಷೆ ತಿಳಿಯದೆ, ಹಗಲಿಡೀ ಮುಚ್ಚಿದ ಕಿಟಕಿಯೊಳಗೆ ಮೂರು ತಿಂಗಳು ಕಳೆದವರಲ್ಲಿ ನಿದ್ರಾಹೀನತೆ, ಏರಿದ ರಕ್ತದೊತ್ತಡ, ಕಾರಣವಿಲ್ಲದ ಕಣ್ಣೀರು ವೈದ್ಯರಿಗೆ ಅಪರಿಚಿತವಲ್ಲ. ಮಕ್ಕಳು ವಾರಕ್ಕೆ ಒಂದು ದಿನವನ್ನಾದರೂ ಅವರಿಬ್ಬರದೇ ದಿನವೆಂದು ಬಿಟ್ಟುಕೊಡಬೇಕು. ಕೈಗೆ ನೋಲ್ ಕಾರ್ಡ್ ಕೊಟ್ಟು ಮೆಟ್ರೊ ಹತ್ತುವುದನ್ನು ಒಮ್ಮೆ ಕಲಿಸಿದರೆ ಸ್ವಾತಂತ್ರ್ಯ ತಾನಾಗಿ ಬರುತ್ತದೆ. ನವೆಂಬರ್‌ನಲ್ಲಿ ದುಬೈ, ಶಾರ್ಜಾ, ಅಬುಧಾಬಿಗಳ ಕರ್ನಾಟಕ ಸಂಘಗಳು ರಾಜ್ಯೋತ್ಸವದ ಸಿದ್ಧತೆಯಲ್ಲಿರುತ್ತವೆ. 2022ರಲ್ಲಿ ತೆರೆದ ಜಬಲ್ ಅಲಿಯ ದೇವಾಲಯ, 2024ರ ಫೆಬ್ರುವರಿ 14ರಂದು ಉದ್ಘಾಟನೆಯಾದ ಅಬುಧಾಬಿಯ ಬಿಎಪಿಎಸ್ ಮಂದಿರ ನಮ್ಮ ಮಾತಿನವರು ಎದುರಾಗುವ ತಾಣಗಳೂ ಹೌದು.

ಊರಿನ ಕಡೆಯ ಒಂದು ಎಳೆಯನ್ನೂ ಬಿಡುವಂತಿಲ್ಲ. ಕೇಂದ್ರ ಸರ್ಕಾರದ ಪಿಂಚಣಿದಾರರು ಪ್ರತಿ ನವೆಂಬರ್‌ನಲ್ಲಿ ಜೀವಿತ ಪ್ರಮಾಣಪತ್ರ ಸಲ್ಲಿಸಬೇಕು. ಇಲ್ಲಿಗೆ ಬರಲು ಒಳ್ಳೆಯ ಕಾಲ ಆರಂಭವಾಗುವುದೂ ಅದೇ ತಿಂಗಳು. ಮೊಬೈಲ್‌ನಲ್ಲಿ ಮುಖಚಹರೆಯ ಮೂಲಕ ಸಲ್ಲಿಸುವ ಸೌಲಭ್ಯ ಈಗಿದೆ; ಹೊರಡುವ ಮೊದಲೇ ಅದನ್ನು ಕಲಿತಿರಬೇಕು. ಇಲ್ಲವಾದರೆ ಪಿಂಚಣಿ ನಿಂತ ಸುದ್ದಿ ಪರದೇಶದಲ್ಲಿ ತಲುಪುತ್ತದೆ.

ಕೊಲ್ಲಿಗೆ ಉದ್ಯೋಗಕ್ಕಾಗಿ ಹೊರಡಲು ಸಿದ್ಧರಾಗಿರುವ ತರುಣ-ತರುಣಿಯರು ಗಮನಿಸಬೇಕಾದದ್ದು ಇದೇ ಲೆಕ್ಕದಲ್ಲಿದೆ. ಕೆಲಸದ ಕರಾರಿಗೆ ಸಹಿ ಹಾಕುವಾಗ ಸಂಬಳ, ಮನೆ ಬಾಡಿಗೆ, ಶಾಲೆಯ ಶುಲ್ಕ ಕೇಳುತ್ತೀರಿ. ತಂದೆ-ತಾಯಿಯರ ವಿಮೆಯನ್ನು ಸೇರಿಸಿಕೊಳ್ಳಲು ಅವಕಾಶವಿದೆಯೇ ಎಂದೂ ಕೇಳಿ. ಇಲ್ಲವೆಂದಾದರೆ ಊರಿನಲ್ಲಿ ಅವರ ಹೆಸರಿನ ಆರೋಗ್ಯ ವಿಮೆಯನ್ನು ತಪ್ಪದೆ ನಡೆಸಿ, ಇಲ್ಲಿಯ ಪ್ರವಾಸಕ್ಕೆ ಪ್ರತ್ಯೇಕ ಹಣ ತೆಗೆದಿಡಿ. ಈ ದೇಶ ಅವರನ್ನು ಅತಿಥಿಗಳಾಗಿ ಆದರದಿಂದಲೇ ಕಾಣುತ್ತದೆ. ರಸ್ತೆ ಸುರಕ್ಷಿತ, ಆಸ್ಪತ್ರೆ ಉತ್ತಮ, ಜನ ವಯಸ್ಸಾದವರಿಗೆ ಎದ್ದು ಜಾಗ ಕೊಡುತ್ತಾರೆ. ಆದರೆ ಅವರ ಮುಪ್ಪಿನ ಹೊಣೆ ಯಾವ ವೀಸಾದಲ್ಲೂ ಬರೆದಿಲ್ಲ, ಅದು ನಮ್ಮದು. ಮೊದಲ ಬಾರಿ ಮೂವತ್ತು ದಿನಕ್ಕೆ ಕರೆಸಿ. ಶರೀರವೂ ಮನಸ್ಸೂ ಒಗ್ಗಿದರೆ ಮುಂದಿನ ವರ್ಷ ತೊಂಬತ್ತು ದಿನ. ಮರುಪ್ರಯಾಣದ ಟಿಕೆಟ್ಟಿನ ದಿನಾಂಕ ಬದಲಿಸುವಂತಿರಲಿ. 'ಸಾಕು, ಊರಿಗೆ ಹೋಗೋಣ' ಎಂದು ಅಮ್ಮ ಹೇಳಿದ ದಿನವೇ ಹೊರಡಲು ಅದು ನೆರವಾಗುತ್ತದೆ.